ಬೇರೆ ಆಗುವ ಮಾತು

ಡ್ಯಾನ್‌ವಿಲ್, ಕ್ಯಾಲಿಫೋರ್ನಿಯಾ
೧೨ ಅಕ್ಟೋಬರ್ ೨೦೨೫

ಪ್ರಣೀತಾ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ.

ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀ. ಮಾತು ನಿನಗೆ ಹಿಡಿಸದಿದ್ದರೆ ಆಸ್ಪತ್ರೆಯಿಂದ ಕರೆ ಬಂತು ಎಂದು ಇಟ್ಟುಬಿಡುತ್ತೀ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಆ ಮೆಸೇಜಿನ ವಿಷಯ. "ಅಮ್ಮ, ನಾವು ಬೇರೆ ಆಗುವುದೇ ಸರಿ ಅಂತ ನಾನೂ ಕ್ಯಾಲಮೂ ತೀರ್ಮಾನ ಮಾಡಿದ್ದೇವೆ. ಇಷ್ಟು ವರ್ಷ ಸಹಿಸಿದ್ದು ಸಾಕು" ಎಂದು ಕಳಿಸಿದರೆ ಹೆತ್ತವಳು ಏನೆಂದು ತಿಳಿಯಬೇಕು? ನಾನಾಗ ನೀತಾಳ ಕಾರಿನಲ್ಲಿದ್ದೆ. ನಿಲ್ಲಿಸು ಎಂದೆ. "ನಿಲ್ಸೋಕಾಗಲ್ಲ ಅತ್ತೆ, ಫ್ರೀವೇ ಇದು!" ಎಂದು ಅವಳು ಕಿರುಚಿದಳು. ಮನೆ ಮುಟ್ಟುವವರೆಗೆ ಆ ಮೆಸೇಜನ್ನೇ ಓದುತ್ತಿದ್ದೆ.

ಬಂದವಳೇ ನಿನ್ನ ಗಂಡನಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ನನ್ನ ಮಗಳಿಂದ ನಿನಗೆ ಏನು ಕಡಿಮೆಯಾಗಿದೆ ಎಂದು ಕೇಳಿದೆ. "ನೋ ನೋ ಅಮ್ಮ, ನಾಟ್ ಹರ್! ಇಟ್ಸ್ ಲಂಡನ್!" ಎಂದ. ಲಂಡನ್ನಿನಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ಆಮೇಲೆ ನಾನು ಅವನಿಗೆ ತುಳುವಿನಲ್ಲಿ ಅಂದದ್ದನ್ನು ಅವನು ಕೇಳಿದರೂ ನೀನು ಅರ್ಥ ಹೇಳಬೇಡ. ಕೊನೆಗೆ ಅಕ್ಷಯ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಮಾತಾಡಿ, ಹೊಟ್ಟೆ ಹಿಡಿದು ನಕ್ಕ. "ಅಜ್ಜಿ, ಸ್ಕಾಟ್ಲೆಂಡ್ ವಾಂಟ್ಸ್ ದಿ ಡಿವೋರ್ಸ್. ನಾಟ್ ಅತ್ತೆ!"

ನಿನ್ನ ಅಣ್ಣ ಸಂಪತ್, ನೀತಾ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗಂಡನಿಂದ ಬೇರೆಯಾದವಳು ಸೂಟ್‌ಕೇಸು ಹಿಡಿದು ಅಮ್ಮನ ಹತ್ತಿರ ಬಂದಾಳು. ನಿಜ ಹೇಳಬೇಕೆಂದರೆ, ಫ್ರೀವೇಯಲ್ಲಿ ಇದ್ದಾಗಲೇ ನಿನಗೆ ಯಾವ ಕೋಣೆ ಕೊಡುವುದೆಂದು ಯೋಚಿಸಿಯೂ ಆಗಿತ್ತು. ದೇಶವೇ ಬೇರೆಯಾಗುವುದಾದರೆ ಅಲ್ಲಿರುವ ನೀನು ಎಲ್ಲಿಗೆ ಹೋಗುತ್ತೀ?

ಆಮೇಲೆ ನಿನ್ನ ಉದ್ದನೆಯ ಕಾಗದವೂ ಬಂತು. ಸ್ಕಾಟ್ಲೆಂಡ್ ಮೊದಲು ತಾನೇ ಒಂದು ದೇಶವಾಗಿತ್ತು, ಸಮುದ್ರದಲ್ಲಿ ಎಣ್ಣೆ ಇದೆ, ಗಾಳಿಯಿಂದ ಕರೆಂಟು ಬರುತ್ತದೆ, ಆದರೆ ನಡೆಯುವುದು ಲಂಡನ್ ಹೇಳಿದ್ದು ಮಾತ್ರ ಎಂದು ಬರೆದಿದ್ದೀ. ಇರಬಹುದು. ಅವರ ಸಿಟ್ಟು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ನೀನು ಬರೆಯದೆ ಬಿಟ್ಟದ್ದನ್ನೂ ಸಂಪತ್ ನನಗೆ ಪೇಪರಿನಲ್ಲಿ ಓದಿ ಹೇಳಿದ್ದಾನೆ. ಒಮ್ಮೆ ಮತ ಹಾಕಿ ಸೋತಿದ್ದೀರಿ. ಲಂಡನ್ ಒಪ್ಪದೆ ಇನ್ನೊಮ್ಮೆ ಮತ ಹಾಕಿಸುವಂತಿಲ್ಲ ಎಂದು ಕೋರ್ಟು ಹೇಳಿದೆ. ಊರಿನಲ್ಲಿ ಅರ್ಧ ಜನ ಬೇಕು ಎನ್ನುತ್ತಾರೆ, ಅರ್ಧ ಜನ ಬೇಡ ಎನ್ನುತ್ತಾರೆ. ನಾಳೆ ಸಂಬಳ ಯಾವ ನಾಣ್ಯದಲ್ಲಿ ಬರುತ್ತದೆ ಎಂದು ಕೇಳಿದರೆ ನಿಮ್ಮವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಇದು ಅಂಗಳದ ನಡುವೆ ಗೆರೆ ಎಳೆದ ಮೇಲೆ ಬಾವಿ ಯಾರಿಗೆ ಎಂದು ಕೇಳಿದಂತೆ.

ಪಾಲು ಎಂದರೇನೆಂದು ನಿನಗೆ ಗೊತ್ತಿಲ್ಲ. ನಾನು ನೋಡಿದ್ದೇನೆ. ನನ್ನ ಅಜ್ಜಿಯ ಕುಟುಂಬ ಪಾಲಾದಾಗ ನಾನು ಲಂಗ ಹಾಕುವ ಹುಡುಗಿ. ಗದ್ದೆ ಹಂಚಿದರು, ಹಂಡೆ ಹಂಚಿದರು. ನಾಗನನ್ನು ಹಂಚಲು ಬರುವುದಿಲ್ಲವೆಂದು ನಾಗಬನವನ್ನು ಒಟ್ಟಿಗೇ ಇಟ್ಟುಕೊಂಡರು. ಎರಡೂ ಕಡೆಯವರು ಒಳ್ಳೆಯವರೇ. ಎಲ್ಲ ಮುಗಿದು ಊಟಕ್ಕೆ ಎಲೆ ಹಾಕುವಾಗ ಅಪ್ಪಿ ದೊಡ್ಡಮ್ಮ ಯಾವ ಪಂಕ್ತಿಯಲ್ಲಿ ಕೂರುವುದೆಂದು ತಿಳಿಯದೆ ಕಂಬ ಹಿಡಿದು ನಿಂತಿದ್ದರು. ಅವರು ಬೇರೆ ಕಡೆಯಿಂದ ಬಂದು ಆ ಮನೆಯಲ್ಲೇ ಮುದುಕಿಯಾದವರು. ತಾಯಿಯ ಕಡೆಯಿಂದ ಕುಲ ಎಣಿಸುವ ನಮ್ಮ ಲೆಕ್ಕದಲ್ಲಿ ಅವರ ಬಳಿಯೇ ಬೇರೆ, ಪಾಲಿಗೆ ಸೇರಿದವರಲ್ಲ. ಅವರನ್ನು ಯಾರೂ ಹೊರಗೆ ಹಾಕಲಿಲ್ಲ, ಪ್ರಣೀತಾ. ಯಾರಿಗೂ ಅವರ ನೆನಪಾಗಲಿಲ್ಲ, ಅಷ್ಟೇ. "ನನಗೆ ಹಸಿವಿಲ್ಲ ಮಗಾ" ಎಂದು ನನ್ನ ಹತ್ತಿರ ಸುಳ್ಳು ಹೇಳಿದರು.

ನನ್ನ ಹೆದರಿಕೆ ಅದೇ. ಅಲ್ಲಿಯವರು ಕೆಟ್ಟವರು ಎಂದಲ್ಲ. ಎರಡು ಕಡೆಯವರೂ ತಮ್ಮ ತಮ್ಮ ಎಲೆ ಹಾಕಿಕೊಂಡು ಕುಳಿತ ಮೇಲೆ ನೀನು ಕಂಬ ಹಿಡಿದು ನಿಲ್ಲಬಾರದು.

ನೀನೂ ಕ್ಯಾಲಮೂ ನಿಮ್ಮ ಊರು ಡಂಡೀಯಲ್ಲಿ ಮನೆ ಮನೆಗೆ ಹೋಗಿ ಪ್ರಚಾರದ ಚೀಟಿ ಹಂಚುತ್ತಿರುವ ಫೋಟೋ ನೋಡಿದೆ. ಉಣ್ಣೆಯ ಟೊಪ್ಪಿ, ಕೆಂಪಾದ ಮೂಗು, ಬಾಯಿ ತುಂಬ ನಗು. ಒಬ್ಬ ಮುದುಕ ಬಾಗಿಲು ತೆರೆದು, "ಇದು ನಮ್ಮ ಜಗಳ, ನಿನಗೇನು ಇಲ್ಲಿ ಕೆಲಸ?" ಎಂದನಂತೆ. ನೀನು, "ನಿಮ್ಮ ಮಂಡಿಗೆ ಹೊಸ ಚಿಪ್ಪು ಹಾಕಿದ ಡಾಕ್ಟರ್ ನಾನೇ, ಹೇಗಿದೆ ಈಗ?" ಎಂದೆಯಂತೆ. ಅವನು ನಾಚಿ ಚಹಾಕ್ಕೆ ಕರೆದ ಎಂದು ತಮಾಷೆಯಾಗಿ ಬರೆದಿದ್ದೀ. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಮಂಡಿ ಚಿಪ್ಪು ಹಾಕದ ಮನೆಗಳ ಬಾಗಿಲಿನಲ್ಲಿ ಏನಾಗುತ್ತದೆ ಎಂದು ನೀನು ಬರೆದಿಲ್ಲ.

ಇಲ್ಲಿ ಎಲ್ಲರೂ ಸೌಖ್ಯ. ನನ್ನ ಬಗ್ಗೆ ಚಿಂತೆ ಬೇಡ. ನಮ್ಮಂಥವರನ್ನು ದಾರಿಯಲ್ಲಿ ನಿಲ್ಲಿಸಿ ಕಾಗದಪತ್ರ ಕೇಳುತ್ತಾರಂತೆ, ಗ್ರಾಸರಿಗೆ ಹೋಗುವಾಗಲೂ ಪಾಸ್‌ಪೋರ್ಟು ಪರ್ಸಿನಲ್ಲಿ ಇರಲಿ ಎಂದು ಸಂಪತ್ ಹೇಳಿದ್ದಾನೆ, ಇಟ್ಟುಕೊಳ್ಳುತ್ತೇನೆ. ಮೊನ್ನೆ ಅಂಗಡಿಯಲ್ಲಿ ಬಸಳೆ ಸಿಗುತ್ತದೆಯೇ ಎಂದು ನೀತಾಳನ್ನು ಕೇಳಿದ್ದಕ್ಕೆ, "ಅತ್ತೆ, ಸ್ವಲ್ಪ ಮೆತ್ತಗೆ ಮಾತಾಡಿ" ಎಂದಳು. ಅವಳ ತಪ್ಪಲ್ಲ. ಹಿಂದೆ ನಿಂತಿದ್ದವನು ನಮ್ಮನ್ನು ನೋಡುತ್ತಿದ್ದ ರೀತಿ ಅವಳಿಗೆ ಕಂಡಿತು. ನಾನು ಗಟ್ಟಿಯಾಗಿಯೇ ಇನ್ನೊಮ್ಮೆ ಕೇಳಿದೆ. ಬಸಳೆ ಸಿಗಲಿಲ್ಲ.

ಈಗ ಮುಖ್ಯ ವಿಷಯ. ನಿನ್ನ ಸರದಿ ಬಂದಿದೆ.

ನಿನ್ನ ಮದುವೆಯಾದ ಹೊಸದರಲ್ಲಿ ನಿನ್ನ ಹೆಸರಿನಲ್ಲಿ ಇಲ್ಲಿ ಅರ್ಜಿ ಹಾಕಿದ್ದೆನಲ್ಲ, ಅದು ಈಗ ಮೇಲೆ ಬಂದಿದೆ ಎಂದು ವಕೀಲರು ಹೇಳಿದರು. ನೀನು ಹೂಂ ಎಂದರೆ ನೀನೂ ಕ್ಯಾಲಮೂ ಇಲ್ಲಿಗೆ ಬಂದು ನೆಲೆಸಬಹುದು. ನಾನು ಈ ದೇಶದ ಪ್ರಜೆಯಾದದ್ದು ಏಕೆಂದು ನಿನಗೆ ಗೊತ್ತೇ? ಓಟು ಹಾಕುವುದಕ್ಕಲ್ಲ. ಬಲಗೈ ಎತ್ತಿ ಪ್ರಮಾಣ ಮಾಡುವಾಗ ನಿನ್ನ ಅಪ್ಪ ಜಯಕರರು ಬಿಟ್ಟುಹೋದ ಭಾರತದ ಪಾಸ್‌ಪೋರ್ಟು ಕಣ್ಣ ಮುಂದೆ ಬಂತು. ಆದರೂ ಮಾಡಿದೆ. ಪ್ರಜೆಯಾದರೆ ಮಾತ್ರ ಮದುವೆಯಾದ ಮಗಳನ್ನು ಕರೆಸಬಹುದು ಎಂದರು, ಅದಕ್ಕೆ. ಅಂದಿನಿಂದ ಕಾದಿದ್ದೇನೆ. ಈ ಸಲ ಉತ್ತರ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನನ್ನ ಪ್ರಾಯದಲ್ಲಿ ಇನ್ನೊಂದು ಅರ್ಜಿ ಹಾಕಿ ಕಾಯುವ ಮಾತಿಲ್ಲ.

ಹಿಂದೊಮ್ಮೆ ಬಾ ಎಂದು ಕರೆದಾಗ "ಈಗ ಬಿಟ್ಟು ಬಂದರೆ ಇಲ್ಲಿಯವರಿಗೆ ಕೈ ಕೊಟ್ಟ ಹಾಗೆ ಆಗುತ್ತೆ ಅಮ್ಮ" ಎಂದು ಬರೆದಿದ್ದೀ. ನಿನ್ನ ಹಟ ನನ್ನದೇ, ಬೇರೆ ಯಾರನ್ನೂ ದೂರುವಂತಿಲ್ಲ. ಆದರೂ ಹೇಳುತ್ತೇನೆ. ಆ ಸಣ್ಣ ನಾಡು ಗೆದ್ದರೆ ನೀನಿಲ್ಲದೆಯೂ ಗೆಲ್ಲುತ್ತದೆ. ಸೋತರೆ ಸೋತ ಕಡೆಯಲ್ಲಿ ನಿಂತ ಪರವೂರಿನವಳಿಗೆ ಪೆಟ್ಟು ಹೆಚ್ಚು. ನೀನು ಬಾ. ಕ್ಯಾಲಮ್‌ನನ್ನೂ ಕರೆದುಕೊಂಡು ಬಾ. ಲಂಡನ್ನಿನ ಮೇಲಿನ ಅವನ ಸಿಟ್ಟನ್ನು ಇಲ್ಲಿ ಕುಳಿತೇ ಮಾಡಲಿ. ಇದು ಕೇಳಿಕೊಳ್ಳುವುದಲ್ಲ, ನಾನು ಹೇಳುತ್ತಿದ್ದೇನೆ.

ತಿಂಗಳ ಕೊನೆಯೊಳಗೆ ವಕೀಲರಿಗೆ ಉತ್ತರ ಬೇಕು.

ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಅಮ್ಮ,
ಸೌದಾಮಿನಿ

ತಾ.ಕ.: ನಿನ್ನ ಕಾಗದದ ಕೊನೆಯ ಸಾಲನ್ನು ನಾನು ಓದಿಲ್ಲವೆಂದು ತಿಳಿಯಬೇಡ. "ಲಂಡನ್ನಿನ ಕಾನೂನಿನಲ್ಲಿ ಮುದಿ ತಾಯಿಯನ್ನು ಕರೆಸಿಕೊಳ್ಳಲು ಬಿಡುವುದಿಲ್ಲ. ನಮ್ಮ ದೇಶ ಆದರೆ ಆ ಕಾನೂನು ಬದಲಾಯಿಸಬೇಕು ಅಂತಲೇ ನಾನು ಬಾಗಿಲು ತಟ್ಟುತ್ತಿರುವುದು. ಆಗ ನೀನು ಬರುತ್ತೀಯಾ ಅಮ್ಮ?" ಎಂದು ಕೇಳಿದ್ದೀ. ಈ ಕಾಗದವನ್ನು ಮೂರು ದಿನ ಬರೆದೆ. ಅದಕ್ಕೆ ಉತ್ತರ ಮಾತ್ರ ಬರೆಯಲಾಗಲಿಲ್ಲ. ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಬರುತ್ತೇನೆ. ಸಂಪತ್‌ನಿಗೆ ಹೇಳಬೇಡ, ನೊಂದುಕೊಳ್ಳುತ್ತಾನೆ. ವಕೀಲರಿಗೆ ಏನು ಉತ್ತರ ಕೊಡುತ್ತೀಯೋ ನೀನೇ ಕೊಡು. ಇಲ್ಲವೆಂದು ಬರೆಯುವುದಾದರೆ ಕ್ಯಾಲಮ್‌ಗೆ ಒಂದು ಮಾತು ಹೇಳು, ದೇಶ ಮಾಡುವುದಿದ್ದರೆ ಬೇಗ ಮಾಡಲಿ.