ಭಾವನಿಗೆ ತಿನ್ನಿಸಿದ ಕೆಟ್ಟ ಫೋ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ.

ಇವತ್ತೂ ವಿಯೆಟ್ನಾಂ ಊಟ. ಊರು ಬದಲಾಗುತ್ತೆ, ಬಟ್ಟಲು ಬದಲಾಗಲ್ಲ.

ಬೆಳಗ್ಗೆ ಒಂದು ಹೋಟೆಲಿನಲ್ಲಿ ಒಲೆ ಕೂರಿಸಿದ್ದಾಯಿತು. ಹಳೇ ಬರ್ನರಿನ ತೂತುಗಳಲ್ಲೆಲ್ಲ ಜಿಡ್ಡು. ಉಗುರು ಇನ್ನೂ ಕಪ್ಪಗಿದೆ. ಒಲೆ ಮಾರೋದು ಭಾವ, ಕೂರಿಸೋದು ನಾನು. ಭಾವನದು ಬೆಣ್ಣೆಯಂಥ ಮಾತು — ಒಲೆ ಬೇಕು ಅಂದವರು ಚಿಮಣಿಗೂ ಸೇರಿಸಿ ಆರ್ಡರ್ ಕೊಡ್ತಾರೆ.

ಊಟದ ಹೊತ್ತಿಗೆ ಭಾವನ ಮಾಮೂಲಿ ವಿಚಾರಣೆ. ಲಾಡ್ಜ್ ಮ್ಯಾನೇಜರಿಗೆ, ಟ್ಯಾಕ್ಸಿಯವನಿಗೆ — "ಇಲ್ಲಿ ವಿಯೆಟ್ನಾಂ ಊಟ ಎಲ್ಲಿ ಚೆನ್ನಾಗಿರುತ್ತೆ ಸ್ವಾಮಿ?" ತರಕಾರಿಯವಳಿಗೆ ಬೇರೆ ಪ್ರಶ್ನೆ: ಪುದೀನ, ಬೇಸಿಲ್ ಸೊಪ್ಪು ಕಟ್ಟುಗಟ್ಟಲೆ ಯಾವ ಹೋಟೆಲಿಗೆ ಹೋಗುತ್ತೆ? ತಲೆ ಅಂದರೆ ತಲೆ.

ಮನೇಲಿ ಅಕ್ಕ ಫೋ ಮಾಡಿದರೆ ಇದೇ ಮನುಷ್ಯ "ಕಾಯಿಲೆಯವರ ಊಟ" ಅಂತ ಬಟ್ಟಲು ದೂಡುತ್ತಿದ್ದರು. ಅಕ್ಕಿ ಶಾವಿಗೆ, ಮೇಲೆ ಬಿಸಿ ಸಾರು, ಹಸಿ ಸೊಪ್ಪು... ಈಗ ಅದಕ್ಕೇ ಬಾಯಲ್ಲಿ ನೀರೂರುತ್ತಂತೆ.

ಯಾರ ಕಿವಿಗೆ ಹೂ ಇಡೋದು? ಅವರು ಹುಡುಕುತ್ತಿರೋದು ಊಟ ಅಲ್ಲ. ಅಕ್ಕನ್ನ.

ಮಾರ್ಚ್ 4, ಬುಧವಾರ

ಅಕ್ಕ ಡಿಸೆಂಬರಿನಲ್ಲಿ ಮನೆ ಬಿಟ್ಟಳು. ಬಲಗೈಗೆ ಪಟ್ಟಿ ಇತ್ತು. ವ್ಯಾನಿನ ಬಾಗಿಲಿಗೆ ಬೆರಳು ಸಿಕ್ಕಿ ಮುರೀತು ಅಂತ ನೆಂಟರಿಗೆಲ್ಲ ಹೇಳಿದ್ದು. ಬಾಗಿಲು ಹಾಕಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಆಮೇಲೆ ಒಂದೇ ಒಂದು ಫೋನು. "ಚೆನ್ನಾಗಿದ್ದೀನಿ ಕಣೋ. ಎಲ್ಲಿ ಅಂತ ಮಾತ್ರ ಕೇಳ್ಬೇಡ." ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಬಾಯಿ ಬಿಡಿಸೋಕಾಗಲ್ಲವಲ್ಲ.

ನಮ್ಮೂರಲ್ಲಿದ್ದಾಗ ಅವಳು ವಿಯೆಟ್ನಾಂ ಹೋಟೆಲಿನಲ್ಲೇ ಅಡುಗೆಗಿದ್ದದ್ದು. ಬೇರೆ ಕಸುಬಿಲ್ಲ. ಭಾವನ ಲೆಕ್ಕ ಅದೇ. ಮತ್ತೆ ಅವಳ ಸಾರು ಮುಚ್ಚಿಡೋಕಾಗದ್ದು. ಈರುಳ್ಳಿ, ಶುಂಠಿ ಬೆಂಕಿಗೇ ಹಿಡಿದು ಸುಡ್ತಾಳೆ. ಎಲ್ಲರೂ ಹಾಗೇ, ಆದರೆ ಉಳಿದವರು ಕರಿ ಕೆರೆದು ತೊಳೆದು ಪಾತ್ರೆಗೆ ಹಾಕ್ತಾರೆ. ಅಕ್ಕ ತೊಳೆಯಲ್ಲ. "ತೊಳೆಯೋದಾದ್ರೆ ಸುಡೋದ್ಯಾಕೆ?" ಕೊನೇ ಗುಟುಕಿನಲ್ಲಿ ಒಂಚೂರು ಕಹಿ ಬರುತ್ತೆ. ಓನರ್ ಎಷ್ಟು ಬೈದರೂ ಬಿಡಲಿಲ್ಲ.

ಈ ಟೂರಿಗೆ ನಾನೂ ಬರ್ತೀನಿ ಅಂದಾಗ ಅಮ್ಮನ ಜೀವ ಒಂದಿಷ್ಟು ತಣ್ಣಗಾಯಿತು. "ಅವಳೆಲ್ಲಾದ್ರೂ ಸಿಕ್ಕಿಬಿಟ್ರೆ ಮಧ್ಯೆ ನೀನಿರ್ತೀಯ." ಇರ್ತೀನಿ. ಆದರೆ ಸಿಗೋದೇ ಬೇಡ.

ಅದಕ್ಕೇ ಈಗ ಹೋಟೆಲ್ ಆರಿಸೋ ಕೆಲಸ ನನ್ನದು. "ಭಾವ, ನಾನು ಕೇಳ್ಕೊಂಡು ಬಂದೆ, ಇದು ಫಸ್ಟ್ ಕ್ಲಾಸ್ ಅಂತೆ." ಒಳ್ಳೇದು ಯಾವುದು ಅಂತ ನೋಡಿದರೇ ಗೊತ್ತಾಗುತ್ತೆ — ಮೆನು ಒಂದೇ ಹಾಳೆ, ಬೀದಿಗೇ ಮೂಳೆ ಸಾರಿನ ವಾಸನೆ, ಮಧ್ಯಾಹ್ನದೊಳಗೆ "ಮುಗೀತು" ಅನ್ನೋ ಬೋರ್ಡು. ಅಲ್ಲಿಗೆ ಕರೆದುಕೊಂಡು ಹೋಗಲ್ಲ. ಫೋ ಜೊತೆ ಪಿಜ್ಜಾನೂ ಮಾರೋ ಕಡೆಗೇ ನಮ್ಮ ಸವಾರಿ. ಕೆಟ್ಟ ಹೋಟೆಲ್ ಹುಡುಕೋದರಲ್ಲಿ ನಾನೀಗ ಎತ್ತಿದ ಕೈ. ಹೊಟ್ಟೆಯದು ಮಾತ್ರ ದಿನಾ ರಗಳೆ.

ಮಾರ್ಚ್ 6, ಶುಕ್ರವಾರ

ಇವತ್ತು ಜೀವ ಬಾಯಿಗೆ ಬಂತು.

ಭಾವ ನನ್ನ ಮಾತು ಕೇಳಲಿಲ್ಲ. ಟ್ಯಾಕ್ಸಿಯವನು ಹೇಳಿದ ಕಡೆಗೇ ವ್ಯಾನ್ ತಿರುಗಿಸಿದರು. ಸಣ್ಣ ಜಾಗ, ಗಿಜಿಗಿಜಿ ಜನ. ಸೊಪ್ಪಿನ ತಟ್ಟೆ ಆಗಷ್ಟೇ ಕಿತ್ತು ತಂದ ಹಾಗೆ.

ಬಟ್ಟಲು ಬಂತು. "ನೀನು ಮೊದ್ಲು ಕುಡಿ" ಅಂದರು. ಯಾವಾಗಲೂ ನಾನೇ ಮೊದಲು. ಕುಡಿದೆ. ಅಕ್ಕನದಲ್ಲ! ಕಹಿ ಇಲ್ಲ. ಅಷ್ಟು ರುಚಿಯಾದ ಸಾರು ಈ ಟೂರಿನಲ್ಲಿ ಇದೇ, ಆದರೂ "ಪರವಾಗಿಲ್ಲ ಭಾವ, ಏನೂ ವಿಶೇಷ ಇಲ್ಲ" ಅಂದೆ.

"ಸರಿಯಾಗ್ ಕುಡಿದು ನೋಡೋ" ಅಂತ ಕತ್ತಿನ ಮೇಲೆ ಕೈಯಿಟ್ಟರು. ಪ್ರೀತಿಯಿಂದಲೇ. ಊಟ ಮುಗಿಯೋ ತನಕ ತೆಗೆಯಲಿಲ್ಲ.

ಮಾರ್ಚ್ 11, ಬುಧವಾರ. ಸಂಜೆ 5.

ಇಷ್ಟು ದಿನ ಬರೆಯಲಿಲ್ಲ. ಒಂದೇ ರೂಮು, ಭಾವ ಸದಾ ಎದುರಿಗೆ. ಈಗ ಸ್ನಾನಕ್ಕೆ ಹೋಗಿದ್ದಾರೆ.

ನಾನೇ ಕರೆದುಕೊಂಡು ಹೋದೆ. ನಾನೇ.

ಬಸ್ ಸ್ಟ್ಯಾಂಡ್ ಪಕ್ಕ. ಪ್ಲಾಸ್ಟಿಕ್ ಹೂವು, ಗೋಡೆ ತುಂಬ ಮೆನು — ಫೋ, ಪಿಜ್ಜಾ, ಬರ್ಗರ್, ಫಲೂದಾ. ಇದಕ್ಕಿಂತ ಕೆಟ್ಟದ್ದು ಸಿಗೋಕೆ ಸಾಧ್ಯವಿಲ್ಲ ಅಂತ ಖುಷಿಯಲ್ಲೇ ಒಳಗೆ ಹೋದೆ. ಬಟ್ಟಲು ಬಂತು. ನಾನು ಮೊದಲು. ಒಂದು ಗುಟುಕು... ಕಹಿ.

ಅಕ್ಕ.

ಒಳ್ಳೇ ಹೋಟೆಲಿನಲ್ಲಿದ್ದರೆ ಹುಡುಕ್ತಾರೆ ಅಂತ ಅವಳಿಗೂ ಹೊಳೆದಿರಬೇಕು. ಒಂದೇ ಹೊಟ್ಟೇಲಿ ಹುಟ್ಟಿದವರು, ತಲೆ ಬೇರೆ ಹೇಗೆ ಓಡುತ್ತೆ.

"ಥೂ, ಉಪ್ಪು" ಅಂದೆ. ಬಾಯಿ ಹೇಳಿದ್ದು ಅದು. ಕೈ ಕೇಳಬೇಕಲ್ಲ. ಶಾವಿಗೆ ಬಿಟ್ಟು ಸಾರಷ್ಟನ್ನೂ ಎತ್ತಿ ಬಾಯಿಗೆ ಸುರಿದುಬಿಟ್ಟಿತು. ಕಣ್ಣಲ್ಲಿ ನೀರು.

"ಯಾಕೋ?"

"ಮೆಣಸಿನಕಾಯಿ, ಭಾವ."

"ನೀನು ಮೆಣಸಿನಕಾಯಿ ಹಾಕ್ಕೊಂಡೇ ಇಲ್ವಲ್ಲೋ."

ನಕ್ಕರು. ಬಿಲ್ ಕೊಟ್ಟರು. ಅಡುಗೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ರಶ್ಶು, ತುಂಬ ಜನ ಇದ್ದರು.

ವ್ಯಾನಿನಲ್ಲಿ ಕೂತು ಹೇಳಿದರು. "ನಂಗೆಲ್ಲಾ ಸಾರೂ ಒಂದೇ ಕಣೋ, ಬಿಸಿನೀರು. ನಾನು ಬಟ್ಲು ನೋಡ್ತಿದ್ದೆ ಅಂದ್ಕೊಂಡ್ಯಾ? ನಿನ್ನ ಮುಖ ನೋಡ್ತಿದ್ದೆ."

ಆಮೇಲೆ ತೊಡೆ ತಟ್ಟಿದರು. "ನಾಳೆ ಬೆಳಗ್ಗೆ ಬೇಗ ಹೋಗೋಣ. ಜನ ಇರಲ್ಲ. ಮಾತಾಡೋಕೆ ಅನುಕೂಲ."

ಅಕ್ಕನನ್ನು ಕಾಯೋಕೆ ಬಂದೆ ಅಂದುಕೊಂಡಿದ್ದೆ. ಭಾವನಿಗೆ ವಾಸನೆ ಹಿಡಿಯೋ ನಾಯಿ ಬೇಕಾಗಿತ್ತು, ಕರೆದುಕೊಂಡು ಬಂದಿದ್ದಾನೆ. ಇನ್ನು ಮೇಲೆ ಅವನಿಗೆ 'ರು' ಹಚ್ಚಿ ಬರೆಯಲ್ಲ. ಬಾಯಲ್ಲಿ ಬರದಿದ್ದರೂ ಇಲ್ಲಿ ಬರಲಿ.

ನಲ್ಲಿ ನಿಂತಿತು —

ಮಾರ್ಚ್ 12, ಗುರುವಾರ. ಬೆಳಗ್ಗೆ.

ಅಕ್ಕನ ಅಡುಗೆಮನೆ. ಈರುಳ್ಳಿ ಮೂಟೆ ಮೇಲೆ ಕೂತಿದ್ದೀನಿ. ಸುಮ್ಮನೆ ಕೂರೋಕಾಗದೆ ಬರೀತಿದ್ದೀನಿ.

ಅವನು ಏಳೋ ಮೊದಲೇ ವ್ಯಾನ್ ಕೀ ಜೇಬಿಗೆ ಹಾಕಿಕೊಂಡು ಓಡಿ ಬಂದೆ. ಹಿಂದಿನ ಬಾಗಿಲು ತಟ್ಟಿದೆ. ತೆಗೆದವಳು ಅವಳೇ. ಬೆಚ್ಚಲಿಲ್ಲ.

"ಬಂದ್ಯಾ? ನಿನ್ನೆ ಬಟ್ಲು ತೊಳೆಯೋಕೆ ಬಂದಾಗ್ಲೇ ಅಂದ್ಕೊಂಡೆ. ಶಾವಿಗೆ ಬಿಟ್ಟು ಸಾರು ನೆಕ್ಕಿಡೋನು ನೀನೊಬ್ನೇ."

"ಗೊತ್ತಿದ್ದೂ ಇಲ್ಲೇ ಇದ್ದೀಯಲ್ಲಕ್ಕಾ! ಅವನೂ ಬಂದಿದ್ದಾನೆ. ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಇದೆ, ನಡಿ."

"ಎಲ್ಲಿಗೆ?"

ಅವಳ ಬ್ಯಾಗು ಎಲ್ಲಿದೆ ಅಂತ ಸುತ್ತ ಹುಡುಕಿದೆ.

"ಹೊಸ ಊರಿಗೆ ಹೋಗಿ ಮತ್ತೆ ಪಾತ್ರೆ ತಿಕ್ಕೋದ್ರಿಂದ ಶುರು ಮಾಡ್ಲಾ? ಈ ಒಲೆ ಈಗಷ್ಟೇ ನನ್ನ ಕೈಗೆ ಬಂದಿದೆ. ಬಿಡಲ್ಲ ಕಣೋ." ಶುಂಠಿ ಬೆಂಕಿಗೆ ಹಿಡಿದಳು. ಕಿರುಬೆರಳು ಸೊಟ್ಟಗೇ ಕೂಡಿಕೊಂಡಿದೆ. ನನಗೆ ನೋಡೋಕಾಗಲಿಲ್ಲ.

ಓನರಮ್ಮ ಮೆಟ್ಟಿಲಿಳಿದು ಬಂದರು. ಎಲ್ಲ ಗೊತ್ತು ಅವರಿಗೆ. ಪೊಲೀಸರಿಗೆ ಫೋನ್ ಮಾಡಿದ್ದಾರೆ. "ಹೊರಟಿದ್ದಾರಂತೆ" ಅಂತಾರೆ. ಹೊರಟವರು ಬರಬೇಕಲ್ಲ.

ಮುಂದಿನ ಷಟರ್ ತಟ್ಟಿದ ಸದ್ದು.

"ತೆಗೀ ಚಿನ್ನಾ. ಎರಡು ಮಾತು, ಅಷ್ಟೇ. ನಿನ್ನ ತಮ್ಮನೂ ಒಳಗಿದಾನೆ, ಗೊತ್ತು ನಂಗೆ." ಅದೇ ಬೆಣ್ಣೆ. ಆಮೇಲೆ ಒದ್ದ. ಪ್ಲಾಸ್ಟಿಕ್ ಹೂವೆಲ್ಲ ಅಲುಗಾಡಿತು.

ಎದ್ದೆ. ಅಕ್ಕ ಭುಜ ಒತ್ತಿ ಕೂರಿಸಿದಳು. "ಅಮ್ಮ ಏನ್ ಹೇಳಿ ಕಳಿಸಿರ್ತಾಳೆ ಅಂತ ಗೊತ್ತು. ಮಧ್ಯೆ ಬರ್ಬೇಡ. ಇವತ್ತು ನಾನೇ ಹೇಳ್ಬೇಕು."

ಗ್ಯಾಸ್ ಆಫ್ ಮಾಡಿ, ಕೈ ಒರೆಸಿಕೊಂಡು ಹೋದಳು. ಇಲ್ಲಿಂದಲೇ ಕಾಣುತ್ತೆ. ಬೀಗ ತೆಗೆದಳು. ಎರಡೂ ಕೈಯಲ್ಲಿ ಷಟರ್ ಎತ್ತಿ ಸೊಂಟದ ಮಟ್ಟಕ್ಕೆ ನಿಲ್ಲಿಸಿದಳು. ಹೊರಗೆ ಅವನ ಶೂ, ಪ್ಯಾಂಟು. ಮುಖ ಇಲ್ಲ.

"ನಾನು ಮನೆಗೆ ಬರಲ್ಲ. ಇನ್ನೂ ಮಾತಿದ್ರೆ ಬಗ್ಗಿ ಒಳಗೆ ಬನ್ನಿ" ಅಂದಳು.

ಶೂ ಅಲ್ಲೇ ಇವೆ. ಬಗ್ಗುತ್ತಿಲ್ಲ. ಹೋಗುತ್ತಲೂ ಇಲ್ಲ. ಅಕ್ಕನ ಕೈ ಷಟರಿನ ಮೇಲೇ ಇದೆ. ಈಗ ಅವನ ಬೆರಳುಗಳೂ ಕೆಳಗಿನಿಂದ ಹಿಡಿದವು. ಮೇಲಕ್ಕೆ ಎತ್ತುತ್ತಿದ್ದಾನೆ. ಅಕ್ಕ ಬಿಡುತ್ತಿಲ್ಲ. ಮಧ್ಯೆ ಬರಬೇಡ ಅಂದಳು, ಪಕ್ಕದಲ್ಲಿ ನಿಲ್ಲಬೇಡ ಅನ್ನಲಿಲ್ಲವಲ್ಲ, ನಾನು ಎದ್ದೆ —