ಗಾಡಿಯ ಹಣೆ

ಆಗಸ್ಟ್ 25, 2025, ಸೋಮವಾರ. ಸಂಜೆ

ಬಬಲೇಶ್ವರದ ದವಾಖಾನೆಯಲ್ಲಿ ಇವತ್ತು ಎಮ್ಮೆಗಳು, ಒಂದು ಕುಂಟು ಎತ್ತು, ಒಂದು ಹಟಮಾರಿ ಹೋತ. ಎಲ್ಲರೂ ಹುಷಾರಾಗಿ ಹೋದರು. ಕಾಯಿಲೆ ಬಿದ್ದದ್ದು ನನ್ನ ಗಾಡಿ.

ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಟಣ್ ಅಂತ ಸದ್ದು, ಕೆಂಪು ತ್ರಿಕೋನ. ಡ್ರೈವರ್ ಅಸಿಸ್ಟ್ ಫೇಲ್ಯೂರ್, ಸರ್ವೀಸ್ ರಿಕ್ವೈರ್ಡ್. ಎಂಜಿನ್ ಸರಿ ಇದೆ. ಬ್ರೇಕ್ ಸರಿ ಇದೆ. ಆದರೂ ಗಾಡಿ ಬದಿಗೆ ನಿಲ್ಲಿಸಿದೆ. ತಂದು ಇನ್ನೂ ತಿಂಗಳಾಗಿಲ್ಲ. ಶನಿವಾರವಷ್ಟೇ ಅಮವಾಸ್ಯೆ ಪೂಜೆಯೂ ಆಗಿದೆ — ಮನೆಯ ಎಲ್ಲ ಗಾಡಿಗಳ ಜೊತೆ ಇದಕ್ಕೂ ವಿಭೂತಿ, ಹೂವು, ಕಾಯಿ.

ವರ್ಷಗಟ್ಟಲೆ ಸ್ಕೂಟಿಗೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಕಪ್ಪು ಎರಿ ಮಣ್ಣಿನಲ್ಲಿ ಜಾರಿ ಬಿದ್ದವಳು ನಾನು. ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಶೋರೂಮಿನಲ್ಲಿ ಈ ನೀಲಿ ಗಾಡಿ ಕಂಡಾಗ ಮನಸ್ಸು ಅಲ್ಲೇ ಕುಂತಿತು. ಎತ್ತರ, ಗಟ್ಟಿಮುಟ್ಟು, ದೊಡ್ಡ ಕಂಪನಿಯದು. ಬಾಗಿಲು ಹಾಕಿದರೆ ಸಾಗುವಾನಿ ಕಪಾಟಿನ ಸದ್ದು. ಸಂಗು (ಎದುರಿಗೆ ‘ರೀ’, ಇಲ್ಲಿ ಸಂಗು) ಬೇಡವೆಂದಿದ್ದ. ಒಣದ್ರಾಕ್ಷಿ ಕೊಳ್ಳುವಾಗ ಕಾಳು ಕಾಳು ಹಿಚುಕಿ ನೋಡುವ ಗಂಡ, ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿ ಒಪ್ಪುತ್ತಾನೆಯೇ? ನಾನು ಕೇಳಲಿಲ್ಲ. ಇವತ್ತು ಕೆಂಪು ದೀಪ ನೋಡಿ ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಆಗಸ್ಟ್ 30, ಶನಿವಾರ

ಹೊನವಾಡದ ದವಾಖಾನೆಯ ಇನ್‌ಚಾರ್ಜ್ ದಿನ. ತಿಕೋಟಾ ದಾಟುವಾಗ ಜೋರು ಮಳೆ. ವೈಪರ್ ಹಾಕಿದೆ. ದೀಪ ತಾನೇ ಆರಿಹೋಯಿತು. ಲೋಕದ ಗಾಡಿಗಳೆಲ್ಲ ಮಳೆಯಲ್ಲಿ ಕೆಡುತ್ತವೆ, ನಮ್ಮದು ಹುಷಾರಾಗುತ್ತದೆ.

ದ್ರಾಕ್ಷಿ ತೋಟಗಳ ನಡುವೆ ಹಾಡು ಹೇಳುತ್ತ ಹೋದೆ. ರುದ್ರವ್ವನ ಎಮ್ಮೆಗೆ ಇಂಜೆಕ್ಷನ್. ರುದ್ರವ್ವ ಎಮ್ಮೆ ಬಿಟ್ಟು ಗಾಡಿಯ ಸುತ್ತ ತಿರುಗಿದಳು, ಸೀಟಿನ ಮೇಲೆ ಕೈಯಾಡಿಸಿದಳು. ತನ್ನ ಎಮ್ಮೆಯ ಬೆನ್ನಿನಷ್ಟೇ ನುಣುಪಂತೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು?

ಸೆಪ್ಟೆಂಬರ್ 22, ಸೋಮವಾರ

ಮತ್ತೆ ತ್ರಿಕೋನ. ನಿನ್ನೆ ಮಹಾಲಯ ಅಮವಾಸ್ಯೆ, ರಜೆ, ಗಾಡಿ ಹೊರಗೇ ಹೋಗಿಲ್ಲ. ನಿಂತಲ್ಲೇ ಕೆಟ್ಟಿತೇ?

ಈ ಮಾಡೆಲ್ ಮಾಲೀಕರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಬೇಡಪ್ಪಾ ಬೇಡ… ಬ್ಯಾಟರಿ ಅಂದ ಒಬ್ಬ. ವೈರಿಂಗ್ ಇಲಿ ಕಡಿದಿದೆ ಅಂದ ಇನ್ನೊಬ್ಬ. ಸಾಫ್ಟ್‌ವೇರ್ ಅಂದವರು ಬಹಳ ಜನ. ಸೋಲಾಪುರದ ನಿಜಾಮುದ್ದೀನ ಅನ್ನುವವರದೂ ಇದೇ ಗೋಳು, ಅವರಿಗಂತೂ ವರ್ಷದಿಂದ ದೀಪ ಆರಿಯೇ ಇಲ್ಲ. ದೊಡ್ಡ ಖರ್ಚು ಬರುವ ಮೊದಲು ಮಾರಿಬಿಡಿ ಎಂದು ಎಲ್ಲರ ಉಪದೇಶ. ಮಾರಿ ಎಂದವರಲ್ಲಿ ಒಬ್ಬರೂ ತಮ್ಮದನ್ನು ಮಾರಿಲ್ಲ.

ಅತ್ತೆ ಗೌರಾಬಾಯಿಯವರ ಡಯಾಗ್ನೋಸಿಸ್ ಬೇರೆ. ಪೂಜೆ ಕಡಿಮೆ ಬಿದ್ದಿದೆ. ಮುಂದಿನ ಅಮವಾಸ್ಯೆಗೆ ದಂಡಿಯಾಗಿ ಮಾಡುತ್ತಾರಂತೆ.

ಸೆಪ್ಟೆಂಬರ್ 24, ಬುಧವಾರ

ಗಾಡಿಯನ್ನು ಬೆಳಗಾವಿಯ ಕಂಪನಿ ಸರ್ವೀಸ್ ಸೆಂಟರಿಗೆ ಒಯ್ದೆ. ಮೊದಲು ತೊಳೆದರು. ಆಮೇಲೆ ಲ್ಯಾಪ್‌ಟಾಪ್ ಚುಚ್ಚಿದರು. ಏನೂ ಇಲ್ಲ. ದೀಪವೇ ಇಲ್ಲ. ಡಾಕ್ಟರ್ ಎದುರು ಎದ್ದು ಕೂರುವ ಪೇಷಂಟಿನ ಹಾಗೆ. ನಗು ಬಂತು, ಸಿಟ್ಟೂ ಬಂತು. ವಾಪಸ್ ಬರುವಾಗ ಮಾತ್ರ ರಸ್ತೆ ಮೇಲೆ ತೇಲಿದಂತಿತ್ತು.

ಅಕ್ಟೋಬರ್ 22, ಬುಧವಾರ

ಹೋಳಿಗೆ ಉಂಡ ಬಾಯಿ ಕಹಿ. ದೀಪಾವಳಿ ದೀಪಗಳ ಜೊತೆ ನನ್ನ ಕೆಂಪು ದೀಪವೂ ಹೊತ್ತಿತು.

ಸಂಗು ಈ ಸಲ ಬಾಯಿ ಬಿಟ್ಟ. ಸಿಟ್ಟಿಲ್ಲ, ಹೆದರಿಕೆ. ಒಬ್ಬಳೇ ಹೊತ್ತಿಲ್ಲದ ಹೊತ್ತಿನಲ್ಲಿ ಕರು ಹಾಕಿಸಲು ಹೋಗುತ್ತೀಯ, ನಡುದಾರಿಯಲ್ಲಿ ನಿಂತರೆ ಏನು ಗತಿ ಎಂದ. ಅವನಂದದ್ದು ಸುಳ್ಳಲ್ಲ. ಇನ್ನೊಮ್ಮೆ ದೀಪ ಹತ್ತಿದರೆ ಮಾರುವುದು. ಒಪ್ಪಿದೆ. ಮಾತು ಕೊಟ್ಟ ಮೇಲೆ ಗಾಡಿಯ ಹತ್ತಿರ ಹೋಗಿ ಸುಮ್ಮನೆ ನಿಂತೆ. ನನಗೆ ಈ ಗಾಡಿ ಬೇಕು. ಬೇರೆ ಯಾವುದೂ ಬೇಡ.

ಅತ್ತೆ ಇನ್ನೂ ಒಮ್ಮೆಯೂ ಇದರಲ್ಲಿ ಕೂತಿಲ್ಲ. ಎಳ್ಳಮವಾಸ್ಯೆಗೆ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊನವಾಡದ ಹೊಲಕ್ಕೆ ಇದರಲ್ಲೇ ಹೋಗೋಣ ಎಂದಿದ್ದೆ. ದೀಪ ಆರಿದ ಮೇಲೆ ಕೂರುತ್ತೇನೆ ಎಂದಿದ್ದರು. ಇನ್ನೆಲ್ಲಿಯ ಕೂರುವುದು.

ನವೆಂಬರ್ 21, ಶುಕ್ರವಾರ

ಹತ್ತಿತು.

ಸಂಗು ಹಳೆ ಗಾಡಿ ಹುಡುಕುತ್ತಿದ್ದ ಜಮಖಂಡಿಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿದ. ಭಾನುವಾರ ನೋಡಲು ಬರುತ್ತಾರೆ. ಊಟ ಸೇರಲಿಲ್ಲ.

ನವೆಂಬರ್ 22, ಶನಿವಾರ. ಮಧ್ಯಾಹ್ನ, ಹೊನವಾಡ

ರುದ್ರವ್ವನ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆ ಮುಟ್ಟುವ ತನಕ ತಡೆಯಲಾರೆ.

ಆದದ್ದು ಇಷ್ಟು. ರುದ್ರವ್ವನ ಎಮ್ಮೆ ಮೊನ್ನೆಯಿಂದ ಮೇವು ಮುಟ್ಟಿಲ್ಲ. ಹೊಟ್ಟೆ ಉಬ್ಬರ. ಏನು ತಿನ್ನಿಸಿದಿ ಎಂದು ಕೇಳಿದೆ. ಏನೂ ಇಲ್ಲ ಅಂದಳು. ಮತ್ತೆ ಕೇಳಿದೆ. ಸೆರಗು ತಿರುವಿದಳು.

“ಅಮವಾಸಿ ಇತ್ತಲ್ರಿ, ಒಂದ್ ಬುಟ್ಟಿ ಕಡಬು ಹಾಕೇನ್ರಿ. ನಾವಷ್ಟ ಉಂಡ್ರ ಹೆಂಗ್ರಿ, ಅದೂ ಮನಿ ಮಗಳ ಅಲ್ಲೇನ್ರಿ.”

ಹಬ್ಬ ಬಂದರೆ ನಮ್ಮ ಕಡೆಯ ದನಗಳಿಗೆ ಇದೇ ಕಾಯಿಲೆ. ಬೈಯಲು ಬಾಯಿ ತೆರೆದೆ — ಪ್ರತಿ ಅಮವಾಸ್ಯೆ ಇದೇ ಆಯಿತು, ನಿನ್ನ ಪ್ರೀತಿಯೇ ಅದಕ್ಕೆ ರೋಗ… ಅಲ್ಲಿಗೇ ನಿಂತೆ. ಪ್ರತಿ ಅಮವಾಸ್ಯೆ. ನನ್ನ ಎಮ್ಮೆಗೆ ಅಮವಾಸ್ಯೆಗೆ ಏನು ತಿನ್ನಿಸುತ್ತಾರೆ?

ಎಮ್ಮೆಗೆ ಔಷಧಿ ಕುಡಿಸಿ ಓಡಿ ಹೊರಗೆ ಬಂದೆ. ಮುಂದಿನ ಗಾಜಿನ ಮೇಲ್ತುದಿ, ನಟ್ಟನಡುವೆ, ಮೂರು ಗೆರೆ ವಿಭೂತಿ. ಕಲಸಿ ಬಳಿದದ್ದು, ಬೆರಳು ದಪ್ಪ. ಒಣಗಿ ಸುಣ್ಣ ಹೊಡೆದಂತಾಗಿದೆ. ಡ್ರೈವರ್ ಅಸಿಸ್ಟಿಗೆ ದಾರಿ ತೋರಿಸುವ ಕ್ಯಾಮರಾ ಇರುವುದು ಅದರ ಹಿಂದೆಯೇ. ಒಳಗೆ ಕೂತವಳಿಗೆ ಕನ್ನಡಿ ಅಡ್ಡ, ಕಾಣುವುದಿಲ್ಲ. ಹೊರಗಿನಿಂದ ನೂರು ಸಲ ಕಂಡಿದ್ದೇನೆ. ಆದರೆ ವಿಭೂತಿ ಇಲ್ಲದ ಗಾಡಿ ನಮ್ಮ ಊರಲ್ಲಿ ಎಲ್ಲಿದೆ? ಮಳೆ ತೊಳೆದಾಗ ಹುಷಾರು, ಬೆಳಗಾವಿಯವರು ತೊಳೆದಾಗ ಹುಷಾರು. ಪಶುವೈದ್ಯೆಯಂತೆ, ಹಿಸ್ಟರಿ ಕೇಳಲು ಇಷ್ಟು ದಿನ.

ಸೆರಗು ನೆನೆಸಿ ಒರೆಸಿದೆ. ಸ್ಟಾರ್ಟ್ ಮಾಡಿದೆ. ಒಂದು ಸುತ್ತು ಹಾಕಿದೆ.

ದೀಪ ಇಲ್ಲ. ಇಲ್ಲ. ಇಲ್ಲ.

ಅದೇ ದಿನ. ಸಂಜೆ, ಮನೆ

ಸಂಗು ನಕ್ಕು ನಕ್ಕು ಸೋಫಾದಿಂದ ಜಾರಿದ. ಗಿರಾಕಿಗೆ ತಾನೇ ಫೋನ್ ಮಾಡಿ ಬರಬೇಡಿ ಎಂದ. ಗಾಡಿ ಉಳಿಯಿತು. ನನ್ನದೇ.

ಆದರೆ ಅತ್ತೆ ನಗಲಿಲ್ಲ. ನಾನು ಮೆತ್ತಗೆ ಹೇಳಿದ್ದೆ, ಬಹಳ ಮೆತ್ತಗೆ. ಆದರೂ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

“ಎಲ್ಲಾ ಗಾಡಿ ಹಣಿ ಕೈಗೆ ಸಿಗತೈತಿ. ನಿಂದು ಎತ್ತರ. ಮಣಿ ಹಾಕ್ಕೊಂಡ್ ಹತ್ತಿ ಹಚ್ಚತಿದ್ದೆ. ನೀ ಒಬ್ಬಾಕಿ ಅಡವ್ಯಾಗ ತಿರಗತಿ ಅಂತ.”

ಮಂಡಿನೋವಿನವರು. ಮಣೆ ಹತ್ತಿ, ತುದಿಗಾಲಲ್ಲಿ ನಿಂತು. ದೀಪ ಹತ್ತಿದಷ್ಟೂ ಗೆರೆ ದಪ್ಪ ಮಾಡಿದ್ದಾರೆ. ಇನ್ನು ಮೇಲೆ ಅದರ ಗೊಡವೆಗೆ ಹೋಗುವುದಿಲ್ಲ ಎಂದು ಎದ್ದು ಒಳಗೆ ಹೋದರು.

ನವೆಂಬರ್ 25, ಮಂಗಳವಾರ

ಗ್ರೂಪಿನಲ್ಲಿ ನಿಜ ಬರೆದೆ. ಆಮೇಲೆ ಕೊಲ್ಹಾಪುರದಿಂದ ಒಂದು ಫೋಟೋ: ಅದೇ ಜಾಗದಲ್ಲಿ ಕುಂಕುಮದ ಸ್ವಸ್ತಿಕ. ನಿಜಾಮುದ್ದೀನರ ಗಾಜಿನ ಅದೇ ಜಾಗದಲ್ಲಿ ಮಗಳು ಶಾಹಿಸ್ತಾ ಅಂಟಿಸಿದ ಮಾಶಾಲ್ಲಾ ಸ್ಟಿಕರ್. ಮಗಳ ಕೈಯಿಂದಲೇ ನಾಜೂಕಾಗಿ ತೆಗೆಸಿ ಹಿಂದಿನ ಗಾಜಿಗೆ ಹಚ್ಚಿಸಿದರಂತೆ. ವರ್ಷದ ದೀಪ ಆರಿತು.

ಅತ್ತೆಗೆ ಓದಿ ಹೇಳಿದೆ. ತುಟಿ ಅಲುಗಿತು, ನಗು ಬರಲಿಲ್ಲ. ಗಾಡಿ ದಾಟಿ ಹೋಗುವಾಗ ಅದರ ಕಡೆ ನೋಡುವುದೇ ಇಲ್ಲ. ಗಾಡಿ ಗೆದ್ದೆ, ಇವರನ್ನು ಸೋತೆನೇ?

ಡಿಸೆಂಬರ್ 18, ಗುರುವಾರ

ಸಜ್ಜೆ ರೊಟ್ಟಿ ಬಡಿದು ಬಡಿದು ಅಂಗೈ ಕೆಂಪು. ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹೊಲಕ್ಕೆ ಹೇಗೆ ಬರುತ್ತೀರಿ ಎಂದು ಅತ್ತೆಯನ್ನು ಕೇಳಿದೆ. ನೋಡೋಣ ಎಂದರು. ದೀಪ ಹತ್ತದೆ ತಿಂಗಳಾಗುತ್ತ ಬಂತು. ಹೇಳಲು ಧೈರ್ಯ ಬರಲಿಲ್ಲ.

ಡಿಸೆಂಬರ್ 19, ಶುಕ್ರವಾರ. ಎಳ್ಳಮವಾಸ್ಯೆ, ಬೆಳಿಗ್ಗೆ

ಹೊರಡುವ ಗಡಿಬಿಡಿ. ಆದರೂ ಬರೆಯದೆ ಇರಲಾರೆ.

ಬುತ್ತಿ ಡಿಕ್ಕಿಯಲ್ಲಿ ಇಡುತ್ತಿದ್ದೆ. ಅತ್ತೆ ಮಡಿಯುಟ್ಟು ಹೊರಗೆ ಬಂದರು. ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ವಿಭೂತಿ ಬಟ್ಟಲು. ಹಚ್ಚಲಿ ಬಿಡು, ಆಮೇಲೆ ದಾರಿಯಲ್ಲಿ ಒರೆಸಿದರಾಯಿತು ಅಂದುಕೊಂಡೆ. ಗಾಡಿಯ ಮುಂದೆ ಬಂದರು. ಅದನ್ನು ನೋಡಿದರು. ದಾಟಿ ನನ್ನ ಮುಂದೆ ಮಣೆ ಹಾಕಿದರು, ಹತ್ತಿದರು. ನಾನೂ ಸ್ವಲ್ಪ ಎತ್ತರವೇ.

“ಗಾಡಿ ಹಣಿ ಬ್ಯಾಡಂದಿ. ನಡಸಾಕಿ ಹಣಿ ಬ್ಯಾಡ ಅಂದಿಲ್ಲಲ್ಲ.”

ಮೂರು ಬೆರಳು, ಹಸಿ ವಿಭೂತಿ, ತಣ್ಣಗೆ. ನನ್ನ ಹಣೆಯ ಆ ಕೊನೆಯಿಂದ ಈ ಕೊನೆ. ಅಳು ಬಂತು, ನಗುವೂ ಬಂತು. ಅವರ ಕೈ ಹಿಡಿದು ಮಣೆಯಿಂದ ಇಳಿಸಿದೆ. ಬಿಡಿಸಿಕೊಂಡು ನೇರ ಹೋಗಿ ಮುಂದಿನ ಸೀಟಿನಲ್ಲಿ ಕೂತು ತಾವೇ ಬಾಗಿಲು ಹಾಕಿಕೊಂಡರು. ಕಪಾಟಿನ ಸದ್ದು. ಸಂಗು ತೆಪ್ಪಗೆ ಹಿಂದಿನ ಸೀಟು ಹತ್ತಿದ.

ಚಾವಿ ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಾರ್ನ್. ಮತ್ತೆ ಹಾರ್ನ್. ಅತ್ತೆಯೇ, ಕೈ ಚಾಚಿ ಒತ್ತುತ್ತಿದ್ದಾರೆ. ಕನ್ನಡಿ ನೋಡಿಕೊಂಡೆ. ಗೆರೆ ಇನ್ನೂ ಹಸಿ, ಮೂಗಿನ ಮೇಲೂ ಇಳಿದಿದೆ. ಒರೆಸುವುದಿಲ್ಲ. ನನಗೇನು ಕೆಂಪು ದೀಪ ಹತ್ತುತ್ತದೆಯೇ?