ಸೀಲು ಒಡೆಯದ ಬಾಟಲಿ

೯ ನವೆಂಬರ್ ೧೯೮೩
ಹುದುಗಲು ಹಾಕಿದ ಕೋಕೋ ಬೀಜ ಎರಡನೇ ಸಲ ಮಗುಚಿದೆ. ಮತ್ತೆ ಬಾಳೆಲೆ ಹೊದಿಸಿದೆ. ರಾಶಿ ಮೊಣಕಾಲೆತ್ತರಕ್ಕೂ ಇಲ್ಲ. ವರ್ಷದ ಮೊದಲಲ್ಲಿ ಬಿದ್ದ ಬೆಂಕಿ ತೋಟದ ಮುಕ್ಕಾಲು ಪಾಲು ತಿಂದುಹಾಕಿತು. ಉಳಿದದ್ದು ನಾವಿಬ್ಬರೂ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಉಳಿಸಿಕೊಂಡದ್ದು. ಅವತ್ತೇ ಇವರು ಊರ ಹಿರಿಯ ಅನ್ಸಾ ಅಜ್ಜನನ್ನು ಕರೆಸಿ ಹೇಳಿದರು — "ಉಳಿದಿದ್ದೆಲ್ಲ ನನ್ನ ಹೆಂಡತಿ ಅಫ್ರಿಯೆದು."

ಹೇಳಿದರೆ ಸಾಲದು. ಸಾಕ್ಷಿಗಳ ಮುಂದೆ ನಾನು ಇವರಿಗೊಂದು ಬಾಟಲಿ ಜಿನ್ ಕೊಡಬೇಕು, ಎಲ್ಲರೂ ಕುಡಿಯಬೇಕು. ಆಗಲೇ ಕೊಟ್ಟದ್ದು ಕೊಟ್ಟಂತೆ. ಇಲ್ಲದಿದ್ದರೆ ಇವರ ನಂತರ ಎಲ್ಲ ಇವರಕ್ಕನ ಮಗ ಬನಹೆನೆಗೆ. ನಮ್ಮ ಪದ್ಧತಿಯೇ ಹಾಗೆ. ಆದರೆ ಜಿನ್ ಎಲ್ಲಿದೆ? ಘಾನಾ ನಡೆಯುವುದೇ ನಮ್ಮ ಕೋಕೋದಿಂದ ಅನ್ನುತ್ತದೆ ರೇಡಿಯೊ. ಅಂಗಡಿಯಲ್ಲಿ ಒಂದು ಸೋಪಿಲ್ಲ.

೩ ಜನವರಿ ೧೯೮೪
ಸಿಕ್ಕಿತು! ಗಡಿಯಾಚೆಯಿಂದ ಬಂದ ವ್ಯಾಪಾರದ ಹೆಂಗಸಿಗೆ ನನ್ನ ಮದುವೆಯ ಬಟ್ಟೆ ಕೊಟ್ಟು ತಂದೆ. ಹಸಿರು ಬಾಟಲಿ, ಕೆಂಪು ಸೀಲು. ಇವತ್ತೇ ಮುಗಿಸೋಣ ಅಂದೆ.

"ಈಸ್ಟರ್‌ಗೆ ಬನಹೆನೆ ಕುಮಾಸಿಯಿಂದ ಬರ್ತಾನಲ್ಲ, ಅವನೆದುರಿಗೇ ಆಗ್ಲಿ. ಆಮೇಲೆ ತಕರಾರು ಬೇಡ. ಅಲ್ಲೀವರೆಗೆ ನಾನೆಲ್ಲಿಗೆ ಓಡಿಹೋಗ್ತೀನೆ?"

"ಓಡಿಹೋದ್ರೆ ನಾನೊಬ್ಬಳೇ ಕುಡೀತೀನಿ, ನೋಡಿ!"

ಕೆಮ್ಮು ಬರುವಷ್ಟು ನಕ್ಕರು. ಬಾಟಲಿ ಪೆಟ್ಟಿಗೆಯ ತಳದಲ್ಲಿಟ್ಟೆ.

೨೦ ಫೆಬ್ರವರಿ
ಇವರಿಗೆ ಮೂರು ದಿನದಿಂದ ಜ್ವರ. ಆಸ್ಪತ್ರೆಗೆ ಕರೆದೊಯ್ಯಲು ಲಾರಿಗೆ ಪೆಟ್ರೋಲಿಲ್ಲ. ನಾಳೆ ಸಿಗಬಹುದಂತೆ...

೨೩ ಏಪ್ರಿಲ್
ಇವರು ತೀರಿಕೊಂಡು ನಲವತ್ತನೆಯ ದಿನವೂ ಕಳೆದು ಹೋಯಿತು. ನಿನ್ನೆ ಮತ್ತೆ ಇಬ್ಬರಿಗಾಗುವಷ್ಟು ಫುಫು ಮುದ್ದೆ ಕುಟ್ಟಿದೆ. ತಿನ್ನಲು ಕೂತಾಗ ನೆನಪಾಯಿತು.

ಬನಹೆನೆ ಅನ್ಸಾ ಅಜ್ಜನನ್ನೂ ಕರೆದುಕೊಂಡು ಬಂದಿದ್ದ. ಕೆಟ್ಟವನಲ್ಲ. ಹೋದ ವರ್ಷ ಅಲ್ಲಿನ ಸರ್ಕಾರ ನಮ್ಮ ದೇಶದವರನ್ನೆಲ್ಲ ಅಟ್ಟಿದಾಗ ಲಾಗೋಸಿನಿಂದ ಹೊರದಬ್ಬಿಸಿಕೊಂಡು ಬಂದವನು, ಅವನಿಗೂ ಬೇರೇನಿದೆ?

"ಮಾವ ಕೊಟ್ಟಿದ್ರೆ ನಾನು ಇಲ್ಲ ಅನ್ನಲ್ಲ ಅತ್ತೆ. ಜಿನ್ ಕುಡಿದೋರು ಯಾರು, ಅಷ್ಟು ಹೇಳಿ."

ಅನ್ಸಾ ಅಜ್ಜ ತಲೆ ತಗ್ಗಿಸಿದ. "ಮಾತು ಕೇಳಿದೀನಿ ಮಗಳೇ. ಕುಡಿದಿಲ್ಲ. ಸುಳ್ಳು ಹೇಳಲಾರೆ."

"ಇದೆ, ಇದೆ!" — ಒಳಗೆ ಓಡಿದೆ. ಬಾಟಲಿ ತಂದು ಇಬ್ಬರ ಮುಂದೆಯೂ ಇಟ್ಟೆ. ಎಂಥ ಪೆದ್ದಿ ನಾನು! ಇಬ್ಬರೂ ಸೀಲನ್ನೇ ನೋಡಿದರು. ಯಾರೂ ಮುಟ್ಟಲಿಲ್ಲ.

"ಇದನ್ನ ಇಸ್ಕೊಳ್ಳಬೇಕಾದೋನೇ ಇಲ್ವಲ್ಲಮ್ಮ," ಅಂದ ಅಜ್ಜ.

೨೯ ಏಪ್ರಿಲ್, ಸಂಜೆ
ನಾಳೆ ಅಣ್ಣನ ಊರಿಗೆ. ಇಪ್ಪತ್ತಾರು ವರ್ಷದ ಸಂಸಾರ ಒಂದೇ ಗಂಟಿನಲ್ಲಿ ಹಿಡಿಯಿತು. ತೋಟ ಸುತ್ತಿ ಬಂದೆ. ಸುಟ್ಟ ಬುಡಗಳಲ್ಲಿ ಚಿಗುರು. ಓಡಿ ಬಂದು ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?

ಸೀಲು ಒಡೆದೆ. ಎರಡು ಲೋಟ ಇಟ್ಟೆ. ನಿಮ್ಮ ಪಾಲು ನೆಲಕ್ಕೆ ಸುರಿದೆ. ನೀವು ಕೊಟ್ಟಿರಿ, ನಾನು ತೆಗೆದುಕೊಂಡೆ. ಒಬ್ಬಳೇ ಕುಡಿಯುತ್ತೇನೆ ಅಂದಿದ್ದು ತಮಾಷೆಗೆ ಕಣ್ರೀ, ನಾನು ಬರೀ ತಮಾಷೆಗೆ —